ಕೇಳುಕಟ್ಟೆಯ ಎಮ್ಮೆ

ಆ ಊರಿಗೆ ಒಂದು ಹೆಸರಿತ್ತು. ಯಾರೂ ಕೇಳಲಿಲ್ಲ, ಹಾಗಾಗಿ ಯಾರೂ ಹೇಳಲಿಲ್ಲ, ಹೇಳದೆ ಹೇಳದೆ ಮರೆತೇ ಹೋಯಿತು. ನಾನು ಆ ಊರಿನ ಕೂಗುವವನು. ಬೆಳಗಾದರೆ ಕಟ್ಟೆ ಹತ್ತಿ ಕೂಗುವುದು, ಸಂಜೆಯಾದರೆ ಕಟ್ಟೆ ಇಳಿದು ಗಂಟಲಿಗೆ ಬೆಲ್ಲದ ನೀರು ಹಾಕಿಕೊಳ್ಳುವುದು, ಇಷ್ಟೇ ನನ್ನ ಬಾಳು. ಈಗ ಗಡಿ ದಾಟಿ ಬಂದು ನಿಮ್ಮ ಜಗಲಿಯ ಮೇಲೆ ಕೂತಿದ್ದೇನೆ, ಅದಕ್ಕೇ ಧೈರ್ಯವಾಗಿ ಕೇಳುತ್ತೇನೆ: ಊಟ ಆಯ್ತಾ? ನೋಡಿ, ಎಷ್ಟು ಸಲೀಸಾಗಿ ಬಂತು ಬಾಯಿಂದ! ನಮ್ಮೂರಲ್ಲಿ ಈ ಎರಡು ಪದ ಆಡಿದ್ದರೆ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಹೊತ್ತು ಮುಳುಗುವ ತನಕ ಕಟ್ಟೆಯ ಕೆಳಗೆ ಕೂತಿರಬೇಕಿತ್ತು.

ನಮ್ಮೂರಲ್ಲಿ ಬಾಯಿಂದ ಪ್ರಶ್ನೆ ಕೇಳುವ ಹಾಗಿಲ್ಲ. ಪ್ರಶ್ನೆಯನ್ನು ಒಣಗಿದ ಮುತ್ತುಗದ ಎಲೆಯ ಮೇಲೆ ಬರೆಯಬೇಕು. ಬರೆದ ಎಲೆಯನ್ನು ಕಟ್ಟೆಗೆ ತರಬೇಕು. ಕಟ್ಟೆಯಿಂದ ಅದು ಎದುರಿನವನ ಹೊಸ್ತಿಲಿಗೆ ಹೋಗಬೇಕು. ಇದಕ್ಕೆ ‘ಎಲೆ ಹಾಕುವುದು’ ಅಂತ ಹೆಸರು. ಎದುರಿನವನು ಆ ಎಲೆಯ ಬೆನ್ನಿಗೆ ಉತ್ತರ ಬರೆಯಬೇಕು. ಇದಕ್ಕೆ ‘ಬಡಿಸುವುದು’. ಎಲೆ ಹಾಕಿದ ಮೇಲೆ ಬಡಿಸಬೇಕು, ಬಡಿಸಿದ ಮೇಲೆ ಮತ್ತೆ ಎಲೆ ಹಾಕಬೇಕು, ಎರಡೂ ಕಡೆಯವರ ಎಲೆಗಳೆಲ್ಲ ಮುಗಿದ ಮೇಲೆ ನ್ಯಾಯದಯ್ಯ ಬಾಯಿ ತೆರೆದು ನ್ಯಾಯ ಹೇಳಬೇಕು. ನಾನು ಹುಟ್ಟಿದಾಗಿನಿಂದ ನ್ಯಾಯದಯ್ಯನ ಬಾಯಿ ಆಕಳಿಕೆಗೆ ತೆರೆದದ್ದನ್ನು ನೋಡಿದ್ದೇನೆ, ನ್ಯಾಯಕ್ಕೆ ತೆರೆದದ್ದನ್ನು ನೋಡಿಲ್ಲ. ಎಲೆ ಮುಗಿದರೆ ತಾನೇ!

ಈ ಕಟ್ಟಳೆ ಮೊದಲು ವ್ಯಾಜ್ಯಕ್ಕೆ ಮಾತ್ರ ಇತ್ತಂತೆ. ಆಮೇಲೆ ಜನ ಹೆದರಿ ಹೆದರಿ ಮನೆಯೊಳಕ್ಕೂ ತಂದುಕೊಂಡರು. ದಾರಿಯಲ್ಲಿ ಎದುರಾದರೆ ಒಬ್ಬ “ಊಟ ಆಗಿರಬೇಕು” ಅನ್ನುತ್ತಾನೆ, ಇನ್ನೊಬ್ಬ “ಆಗಿರಬೇಕು” ಅನ್ನುತ್ತಾನೆ, ಇಬ್ಬರೂ ಮುಂದಕ್ಕೆ ಹೋಗುತ್ತಾರೆ. ತಡವಾಗಿ ಬಂದ ಮಗನಿಗೆ ತಾಯಿ “ನೀನು ಎಲ್ಲೋ ಹೋಗಿದ್ದೆ” ಅನ್ನುತ್ತಾಳೆ. ಹೆಣ್ಣು ನೋಡಲು ಬಂದವರು “ಹುಡುಗಿಗೆ ಹಾಡು ಬರುತ್ತದೆ ಅಂತ ಇಟ್ಟುಕೊಳ್ಳೋಣ” ಅಂದು ಎದ್ದು ಹೋಗುತ್ತಾರೆ. ಹೀಗಿತ್ತು ನಮ್ಮ ಸಂಸಾರ.

ಕಟ್ಟೆಯ ಹೆಸರು ಕೇಳುಕಟ್ಟೆ. ಅದರ ಬೆನ್ನಿಗಿರುವ ಕಲ್ಲಿನಲ್ಲಿ ಹಿರಿಯರು ಒಂದೇ ಒಂದು ಸಾಲು ಕೊರೆಸಿದ್ದಾರೆ: ‘ಕೇಳದೆ ನ್ಯಾಯ ಹೇಳಬಾರದು.’ ನಮ್ಮ ನುಡಿಯ ಮಹಿಮೆ ನಿಮಗೆ ಗೊತ್ತೇ ಇದೆ. ಬಾಯಿ ಮಾಡುವ ಕೆಲಸಕ್ಕೂ ಕೇಳು, ಕಿವಿ ಮಾಡುವ ಕೆಲಸಕ್ಕೂ ಕೇಳು. ಹಿರಿಯರು ಯಾವುದನ್ನು ಮನಸ್ಸಲ್ಲಿಟ್ಟುಕೊಂಡು ಕೊರೆಸಿದರೋ ಅವರನ್ನೇ ಕೇಳಬೇಕು, ಅವರಿಗೆ ಎಲೆ ಹಾಕೋಣವೆಂದರೆ ಹೊಸ್ತಿಲಿಲ್ಲ. ಊರು ಮಾತ್ರ ಬಾಯಿಯ ಅರ್ಥವನ್ನೇ ಹಿಡಿದುಕೊಂಡಿತು. ಅದಕ್ಕೂ ಕಾರಣ ಇದೆ. ಮೊದಲನೇ ನ್ಯಾಯದಯ್ಯ ಹುಟ್ಟು ಕಿವುಡ. ಅವನ ಮುಂದೆ ಅತ್ತರೂ ಒಂದೇ, ಅರಚಿದರೂ ಒಂದೇ. ಆದ್ದರಿಂದ ಜನ ಬರೆದು ತೋರಿಸಿದರು. ಪಾಪ, ಅವನ ಕಾಲಕ್ಕೆ ಅದು ಬೇಕೇ ಬೇಕಿತ್ತು.

ಎರಡನೆಯವನಿಗೆ ಕಿವಿ ಚೆನ್ನಾಗಿತ್ತು. ಚೆನ್ನಾಗಿದ್ದರೆ ಏನು ಬಂತು, ಕೂತದ್ದು ಮೊದಲನೆಯವನ ಪೀಠದ ಮೇಲೆ! ಪಟ್ಟ ಕಟ್ಟುವ ದಿನ ಅವನ ಎರಡೂ ಕಿವಿಗೆ ಹತ್ತಿ ತುರುಕಿದರು. ಅಂದಿನಿಂದ ಪೇಟ ಎಷ್ಟು ಮುಖ್ಯವೋ ಹತ್ತಿಯೂ ಅಷ್ಟೇ ಮುಖ್ಯ. ಕಿವುಡನಿಗೆ ತಲುಪಲಿ ಅಂತ ಕೂಗುವವನನ್ನು ನೇಮಿಸಿದರು, ಕೂಗುವವನ ಕಾಟ ತಡೆಯಲಾಗುವುದಿಲ್ಲ ಅಂತ ನ್ಯಾಯದಯ್ಯಂದಿರು ಹತ್ತಿ ತುರುಕಿಕೊಂಡೇ ಇದ್ದರು. ಕಿವುಡನ ಮುಂದೆ ಶಂಖ ಊದುವುದಕ್ಕೆ ನನ್ನ ಅಜ್ಜನಿಗೂ ಸಂಬಳ, ನನಗೂ ಸಂಬಳ. ನಾನೂ ದಿನಾ ಬೆಳಗ್ಗೆ ಊದುತ್ತಿದ್ದೆ: “ಎಲೆ ಹಾಕಿದವರು ಬನ್ನಿರೋ! ಎಲೆ ಉಂಡವರು ಬನ್ನಿರೋ! ಕೇಳದೆ ನ್ಯಾಯ ಇಲ್ಲ, ನ್ಯಾಯ ಇಲ್ಲ!”

ಹೀಗಿರುವಾಗ ಗಾಣದವನು ಹಾಲಿನವಳ ಮೇಲೆ ದಾವೆ ಹೂಡಿದ.

ಹಾಲಿನವಳು ಅಂದರೆ ಬೆಳ್ಳಂಬೆಳಗ್ಗೆ ಊರಿಗೆಲ್ಲ ಹಾಲು ಹಾಕುವವಳು. ಗಂಡ ಇಲ್ಲ, ಮಕ್ಕಳಿಲ್ಲ, ಒಂದು ಎಮ್ಮೆ, ಅದಕ್ಕೊಂದು ಎಳೆಗರು. ಆ ಎಮ್ಮೆ ಮೊದಲು ಗಾಣದವನ ಮನೆಯದು. ಅವನ ಹೆಂಡತಿ ಹಾಸಿಗೆ ಹಿಡಿದಾಗ ನೀರು ಕಾಯಿಸಿದವಳು, ತಲೆ ಬಾಚಿದವಳು, ಗಂಜಿ ಕುಡಿಸಿದವಳು ಹಾಲಿನವಳೇ. ಗಾಣದವಳು ಕಣ್ಣು ಮುಚ್ಚುವ ಮೊದಲು ಇವಳ ಕೈ ಹಿಡಿದು “ಎಮ್ಮೆ ನೀನು ಹೊಡಕೊಂಡು ಹೋಗು” ಅಂದಳಂತೆ. ಇವಳು ತಿಥಿ ಮುಗಿದ ಮೇಲೆ ಹೊಡಕೊಂಡು ಹೋದಳು. ಗಾಣದವನು ಆಗ ಏನೂ ಅನ್ನಲಿಲ್ಲ. ಎಮ್ಮೆ ಇವಳ ಕೊಟ್ಟಿಗೆಯಲ್ಲೇ ಕರು ಹಾಕಿತು. ಕರು ಹಾಕಿ ಇನ್ನೂ ಗಿಣ್ಣದ ವಾಸನೆ ಹೋಗಿರಲಿಲ್ಲ, ಒಂದು ಬೆಳಗ್ಗೆ ಅವನು ಕಟ್ಟೆಗೆ ಬಂದು “ಎಮ್ಮೆ ನನ್ನದು” ಅಂತ ಎಲೆ ಇಟ್ಟುಬಿಟ್ಟ.

ಕಟ್ಟೆಯ ಆಳುಗಳು ಹೋಗಿ ಎಮ್ಮೆಯನ್ನು ತಂದು ಕಟ್ಟೆಯ ಅಂಗಳದಲ್ಲಿ ಕಟ್ಟಿದರು. ಕರುವನ್ನು ತರಲಿಲ್ಲ. ಗಾಣದವನ ಎಲೆಯಲ್ಲಿ ಎಮ್ಮೆ ಅಂತ ಇತ್ತು, ಕರು ಅಂತ ಇರಲಿಲ್ಲ. ಕರು ದಾವೆಯ ಹೊರಗಿನದು, ದಾವೆಯ ಹೊರಗಿನವರು ದಾವೆಯ ವಸ್ತುವಿಗೆ ಬಾಯಿ ಹಾಕುವ ಹಾಗಿಲ್ಲ. ಅದಕ್ಕೆ ಎಮ್ಮೆ ಇಲ್ಲಿ, ಕರು ಅಲ್ಲಿ. ಎಮ್ಮೆ ಇಲ್ಲಿ ಅರಚುತ್ತದೆ, ಕರು ಅಲ್ಲಿ ಅರಚುತ್ತದೆ, ನಡುವೆ ನಾನು ಅರಚುತ್ತೇನೆ.

ಕಟ್ಟಳೆ ಅಂದರೆ ಹೀಗಿತ್ತು: ವ್ಯಾಜ್ಯದ ವಸ್ತು ಸವೆಯಬಾರದು, ಬೆಳೆಯಲೂಬಾರದು. ಹಾಲು ಕರೆಯದಿದ್ದರೆ ಎಮ್ಮೆ ಕೆಡುತ್ತದೆ, ಆದ್ದರಿಂದ ಆಳುಗಳು ಕರೆದರು. ಕರೆದ ಹಾಲು ಎಮ್ಮೆಯದೇ ಭಾಗ, ಆದ್ದರಿಂದ ಗಡಿಗೆಗೆ ಹಾಕಿ ಬಾಯಿಗೆ ಅರಗು ಮೆತ್ತಿ ‘ಹಾಲು’ ಅಂತ ಬರೆದು ಸಾಲಾಗಿ ಇಟ್ಟರು. ಅತ್ತ ಹಾಲಿಲ್ಲದೆ ಕರು ನಾಲಗೆ ಚಾಚುತ್ತಿದೆ, ಇತ್ತ ಅದರ ಹಾಲು ಸಾಕ್ಷಿಯಾಗಿ ಸಾಲು ನಿಂತಿದೆ. ಮೇವು ಹಾಕಿದರೆ ವಸ್ತು ಬೆಳೆದೀತು ಅಂತ ಮೇವು ಹಾಕಲಿಲ್ಲ. ಎಮ್ಮೆ ಸುತ್ತಮುತ್ತ ನೋಡಿತು. ಅಂಗಳದ ತುಂಬ ಹಳೆಯ ದಾವೆಗಳ ಮುತ್ತುಗದ ಎಲೆ, ರಾಶಿ ರಾಶಿ. ಕತ್ತು ಚಾಚಿತು, ಒಂದು ತಲೆಮಾರಿನ ಗಡಿ ಜಗಳವನ್ನು ತಿಂದಿತು, ಒಂದು ದತ್ತು ವ್ಯಾಜ್ಯವನ್ನು ಮೆಲುಕು ಹಾಕಿತು, ಸಂಜೆಗೆ ಸಗಣಿ ಹಾಕಿತು. ನನ್ನ ಕಾಲದಲ್ಲಿ ಆ ಅಂಗಳದಲ್ಲಿ ಒಂದು ವ್ಯಾಜ್ಯ ಪೂರ್ತಿ ಮುಗಿದದ್ದು ಅಂದರೆ ಹಾಗೆ.

ಇನ್ನು ಪ್ರಶ್ನೆಗಾರರು. ಒಬ್ಬ ಗಾಣದವನ ಕಡೆ, ಒಬ್ಬ ಹಾಲಿನವಳ ಕಡೆ. ಪ್ರಶ್ನೆ ಹೆಣೆಯುವುದೇ ಅವರ ಕಸುಬು. ಗಾಣದವನ ಪ್ರಶ್ನೆಗಾರ ಮೊದಲ ಎಲೆ ಹಾಕಿದ: ‘ಸದರಿ ಎಮ್ಮೆಯು ಎಮ್ಮೆಯೇ ಹೌದೋ? ಹೌದಾದಲ್ಲಿ ಯಾವಾಗಿನಿಂದ?’ ಹಾಲಿನವಳ ಪ್ರಶ್ನೆಗಾರ ಬಡಿಸಿದ: ‘ಪ್ರಶ್ನೆಯಲ್ಲಿ ಎಮ್ಮೆ ಎಂಬ ಪದ ಎರಡು ಸಲ ಬಂದಿರುವುದರಿಂದ ಯಾವ ಎಮ್ಮೆಯ ಬಗ್ಗೆ ಕೇಳಲಾಗಿದೆ ಎಂಬುದು ಸ್ಪಷ್ಟವಿಲ್ಲ.’ ಮತ್ತೊಂದು ಎಲೆ: ‘ಎಮ್ಮೆ ಕಪ್ಪಗಿರುವುದು ನಿಮ್ಮ ಗಮನಕ್ಕೆ ಬಂದಿದೆಯೋ? ಬಂದಾಗ ಏನು ಕ್ರಮ ಕೈಗೊಂಡಿರಿ?’ ಮತ್ತೆ ಬಡಿಸಿದ್ದು: ‘ನೆನಪಿಲ್ಲ.’ ಅಷ್ಟರಲ್ಲಿ ಗಡಿಗೆಗಳು ಹುಳಿ ವಾಸನೆ ಹೊಡೆಯತೊಡಗಿದವು. ಅದಕ್ಕೂ ಒಂದು ಎಲೆ: ‘ಹಾಲು ಎಂದು ಬರೆದ ಗಡಿಗೆಯಲ್ಲಿ ಈಗ ಮೊಸರಿದೆ. ಬದಲಾಯಿಸಿದವರು ಯಾರು? ಮೊಸರಾಗುವ ಉದ್ದೇಶ ಹಾಲಿಗೆ ಮೊದಲೇ ಇತ್ತೋ?’ ಥೂ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಇವೆಲ್ಲವನ್ನೂ ನಾನು ಎದೆಯೆತ್ತಿ ಕೂಗಿ ಓದಬೇಕು.

ಹಾಲಿನವಳು ಕರುವಿಗೆ ಬಿದಿರಿನ ಗೊಟ್ಟದಲ್ಲಿ ಗಂಜಿ ಹಾಕಿದಳು. ಕರು ಅರ್ಧ ನುಂಗಿತು, ಅರ್ಧ ಉಗುಳಿತು. ಯಾರದೋ ಮನೆಯ ಆಡಿನ ಹಾಲು ತಂದಳು, ಅದು ಆ ಆಡಿನ ಮರಿಗೇ ಸಾಲದು. ಮೊದಮೊದಲು ಕರು ನಿಂತು ಅರಚುತ್ತಿತ್ತು. ಆಮೇಲೆ ಕೂತು ಅರಚಿತು. ಆಮೇಲೆ ಅರಚುವುದನ್ನೇ ಬಿಟ್ಟಿತು. ಅವಳು ಕಟ್ಟೆಗೆ ಓಡಿಬಂದು ನ್ಯಾಯದಯ್ಯನ ಮುಂದೆ ಕೈ ಜೋಡಿಸಿ “ಸ್ವಾಮಿ, ಕರು ಸಾಯ್ತದೆ” ಅಂದಳು. ನ್ಯಾಯದಯ್ಯ ಕೈ ಆಡಿಸಿ ಎಲೆ ತೋರಿಸಿದ. ಅವಳ ಪ್ರಶ್ನೆಗಾರ ಕೂಡಲೇ ಬರೆದ: ‘ಕರುವು ಸಾಯಬಹುದೆಂಬ ಬಗ್ಗೆ ಎದುರುದಾರರ ಅಭಿಪ್ರಾಯವೇನು?’ ಎದುರಿನಿಂದ ಬಂತು: ‘ಕರು ದಾವೆಯಲ್ಲಿಲ್ಲ.’

ಹಾಲಿನವಳು ಆ ಎಲೆಯನ್ನು ನೋಡಿದಳು, ತನ್ನ ಪ್ರಶ್ನೆಗಾರನನ್ನು ನೋಡಿದಳು. “ಸಾಕು, ನೀನು ಮನೆಗೆ ಹೋಗು ಮಾರಾಯ” ಅಂದಳು. “ಎಮ್ಮೆ ಕಪ್ಪು ಅನ್ನೋದು ನನಗೂ ಗೊತ್ತು, ಅವನಿಗೂ ಗೊತ್ತು. ಗೊತ್ತಿರೋದನ್ನ ಬರೆದೂ ಬರೆದೂ ನನ್ನ ಕರು ಕೊಲ್ತಿದ್ದೀಯ.” ಅವನು ಎಲೆ, ಲೇಖನಿ ಅಲ್ಲೇ ಬಿಟ್ಟು ಎದ್ದು ಹೋದ. ಅವಳು ನನ್ನ ಹತ್ತಿರ ಬಂದು ಕಟ್ಟೆಯ ಮೆಟ್ಟಿಲ ಮೇಲೆ ಕೂತಳು.

“ಅಣ್ಣಾ, ನನಗೆ ಗೊತ್ತಿಲ್ಲದೆ ಅವನಿಗೆ ಮಾತ್ರ ಗೊತ್ತಿರೋದು ಒಂದೇ ಒಂದಿದೆ” ಅಂದಳು. “ಆವತ್ತು ಅವಳು ನನ್ನ ಕೈ ಹಿಡಿದು ಎಮ್ಮೆ ಹೊಡಕೊಂಡು ಹೋಗು ಅಂದಾಗ ಕೋಣೇಲಿ ನಾವಿಬ್ಬರೇ. ಆದರೆ ಬಾಗಿಲ ಹಿಂದಿನಿಂದ ಎಳ್ಳೆಣ್ಣೆ ವಾಸನೆ ಬಂತು. ಅವನು ಅಲ್ಲಿ ನಿಂತಿದ್ದ. ಅವಳು ಕೊಟ್ಟಳು ಅನ್ನೋದಕ್ಕೆ ಈ ಭೂಮಿ ಮೇಲೆ ಇನ್ನೊಬ್ಬ ಸಾಕ್ಷಿ ಇದ್ದರೆ ಅದು ಅವನೇ.”

“ಹಾಗಾದರೆ ಅದನ್ನೇ ಬರಿಯಮ್ಮ” ಅಂದೆ. “ಮಿಕ್ಕದ್ದಕ್ಕೆಲ್ಲ ಎಲೆ ದಂಡ.”

ಅವಳು ಬರೆದಳು. ಸೊಟ್ಟ ಅಕ್ಷರ, ಆದರೆ ಒತ್ತಿ ಬರೆದದ್ದು: ‘ಗಾಣದವಳು ಎಮ್ಮೆಯನ್ನು ನನಗೆ ಕೊಟ್ಟೆ ಎಂದು ಹೇಳಿದಾಗ ನೀನು ಕೇಳಿದೆಯಾ?’

ನಮ್ಮ ಕಟ್ಟಳೆಯಲ್ಲಿ ಒಂದು ಒಳ್ಳೆಯದಿತ್ತು. ಪ್ರಶ್ನೆಗಾರ ಬರೆದ ಎಲೆಗೆ ಪ್ರಶ್ನೆಗಾರ ಬಡಿಸಬಹುದು. ವಾದಿ ಪ್ರತಿವಾದಿ ತಾವೇ ಕೈಯಾರೆ ಬರೆದರೆ ಎದುರಿನವನೂ ಕಟ್ಟೆಗೆ ಬಂದು, ಎಲ್ಲರ ಮುಂದೆ, ಕೈಯಾರೆ ಬಡಿಸಬೇಕು. ಸುಳ್ಳು ಬಡಿಸಿದವನಿಗೆ ಊರಲ್ಲಿ ಯಾರೂ ಎಲೆ ಹಾಕುವುದಿಲ್ಲ, ಮದುವೆಯಲ್ಲೂ ಇಲ್ಲ, ತಿಥಿಯಲ್ಲೂ ಇಲ್ಲ. ಗಾಣದವನು ಬಂದ. ಒಣಕಲು ಮನುಷ್ಯ, ಮೈಯೆಲ್ಲ ಎಣ್ಣೆ ಜಿಡ್ಡು, ಕಣ್ಣು ನೆಲದ ಮೇಲೆ. ಎಲೆ ಓದಿದ. ಅವನ ಪ್ರಶ್ನೆಗಾರ ಕಿವಿಯಲ್ಲಿ ಪಿಸುಗುಟ್ಟಿದ್ದು ಪಕ್ಕದಲ್ಲಿದ್ದ ನನಗೆ ಸ್ಪಷ್ಟವಾಗಿ ತಿಳಿಯಿತು: “ಕೇಳಲಿಲ್ಲ ಅಂತ ಬರಿ. ನೀನು ಬಾಯಿ ಬಿಟ್ಟು ಏನೂ ಕೇಳಲಿಲ್ಲ ತಾನೇ. ಸುಳ್ಳೂ ಅಲ್ಲ, ಎಮ್ಮೆಯೂ ಉಳೀತದೆ.”

ಗಾಣದವನು ‘ಕೇಳಲಿಲ್ಲ’ ಅಂತ ಬರೆದ.

ನಾನು ಕೂಗಿ ಓದಿದೆ. ಹಾಲಿನವಳು ಎದ್ದು ನಿಂತಳು. “ಅಯ್ಯೋ ದೇವರೇ, ನಾನು ಬರೆದದ್ದು ಕಿವಿಯ ಕೇಳೋದು, ಅವನು ಬಡಿಸಿದ್ದು ಬಾಯಿಯ ಕೇಳೋದು!” ಪ್ರಶ್ನೆಗಾರ ನಗುತ್ತ ಕಲ್ಲಿನ ಕಡೆ ಕೈ ತೋರಿಸಿದ. “ಈ ಕಟ್ಟೆಯಲ್ಲಿ ಕೇಳು ಅಂದರೆ ಒಂದೇ ಅರ್ಥ, ತಾಯಿ. ಹಿರಿಯರು ಕೊರೆಸಿದ್ದಾರೆ. ಅದನ್ನು ಬದಲಾಯಿಸಿದರೆ ಇಲ್ಲಿತನಕ ಹಾಕಿದ ಎಲೆಗಳೆಲ್ಲ ಉಂಡು ಎಸೆದ ಎಲೆ ಆಗಿಬಿಡುತ್ತವೆ.” ನ್ಯಾಯದಯ್ಯ ಎಲೆಯನ್ನು ನೋಡಿ ತಲೆಯಾಡಿಸಿ ರಾಶಿಯ ಕಡೆ ಎಸೆದ. ಎಮ್ಮೆ ಅದನ್ನೂ ತಿಂದಿತು.

ತಿಂದು, ಕತ್ತೆತ್ತಿ, ಕೊಟ್ಟಿಗೆಯ ದಿಕ್ಕಿಗೆ ತಿರುಗಿ ಅರಚಿತು. ಏನು ಅರಚಾಟ ಅಂತೀರಿ! ಕಟ್ಟೆಯ ಕಲ್ಲು ನಡುಗಿತು. ಆ ಕಡೆಯಿಂದ ಕರುವಿನ ಉತ್ತರ ಬರಲಿಲ್ಲ. ಹಾಲಿನವಳಿಗೆ ಇನ್ನು ತಡೆಯಲಾಗಲಿಲ್ಲ. ನ್ಯಾಯದಯ್ಯನ ಪೀಠದ ಮುಂದೆ ಹೋಗಿ ನಿಂತು, ತಲೆಗೂದಲು ಬಿಚ್ಚಿಹೋಗಿತ್ತು, ಕಿರುಚಿದಳು: “ಈ ಮೂಕ ಪ್ರಾಣಿ ಅರಚೋದು ನಿನ್ನ ಕಿವಿಗೆ ಬೀಳಲ್ವಾ?”

ಊರೇ ಉಸಿರು ಬಿಗಿಹಿಡಿಯಿತು. ಬಾಯಿಂದ ಪ್ರಶ್ನೆ! ನ್ಯಾಯದಯ್ಯನ ಕಿವಿಗಂತೂ ಬೀಳಲಿಲ್ಲ, ಹತ್ತಿ ಇದೆಯಲ್ಲ. ಆದರೆ ಅವನು ಪಳಗಿದ ಆಸಾಮಿ. ನಮ್ಮ ಮಾತಿನಲ್ಲಿ ಪ್ರಶ್ನೆ ಕೇಳಿದ ಬಾಯಿ ಕೊನೆಗೆ ಆ ಅಂತ ತೆರೆದುಕೊಂಡೇ ನಿಲ್ಲುತ್ತದೆ. ಆಯ್ತಾ, ಬಂತಾ, ಬೀಳಲ್ವಾ. ತೆರೆದ ಬಾಯಿ ನೋಡಿಯೇ ಅವನು ಬೆರಳು ಮಾಡಿದ. ಆಳು ತಟ್ಟೆಯಲ್ಲಿ ಬೆಣಚುಕಲ್ಲು ತಂದ.

ವಿಚಿತ್ರ ಏನೆಂದರೆ ಹಾಲಿನವಳು ಆಗಲೇ ಸುಮ್ಮನಾಗಿದ್ದಳು. ಬಾಯಿ ಹಾಗೇ ತೆರೆದಿತ್ತು, ಕಣ್ಣು ಎಲ್ಲೋ ಇತ್ತು. ತಾನು ಆಡಿದ ಮಾತನ್ನು ತಾನೇ ಆಲಿಸುತ್ತಿದ್ದಳು. ಕಲ್ಲನ್ನು ತಾನೇ ಎತ್ತಿ ಬಾಯಿಗೆ ಹಾಕಿಕೊಂಡು, ಕಟ್ಟೆಯ ಕೆಳಗೆ ಕೂತು, ಒಂದು ಹೊಸ ಎಲೆ ಎಳೆದುಕೊಂಡು ಬರೆದಳು. ಕೆನ್ನೆ ಒಂದು ಕಡೆ ಉಬ್ಬಿತ್ತು, ಕಣ್ಣಿಂದ ನೀರು ಎಲೆಯ ಮೇಲೆ ಬೀಳುತ್ತಿತ್ತು, ಒರೆಸಿ ಒರೆಸಿ ಬರೆದಳು: ‘ಎಮ್ಮೆಯನ್ನು ಹೊಡಕೊಂಡು ಹೋಗು ಎಂದು ಗಾಣದವಳು ನನಗೆ ಹೇಳಿದ ಮಾತು ಬಾಗಿಲ ಹಿಂದೆ ನಿಂತಿದ್ದ ನಿನ್ನ ಕಿವಿಗೆ ಬಿತ್ತೋ, ಬೀಳಲಿಲ್ಲವೋ?’

ನಾನು ಅದನ್ನು ಕೂಗಿ ಓದಿದೆ. ಎಷ್ಟೋ ಎಲೆ ಓದಿದ್ದೇನೆ ಸ್ವಾಮಿ, ಬೇಕಾದ ಎಲೆ ಅಂತ ಅನ್ನಿಸಿದ್ದು ಅದೊಂದೇ. ಅದರಲ್ಲಿ ನುಸುಳಿಕೊಳ್ಳಲು ಸಂದಿಯೇ ಇರಲಿಲ್ಲ.

ಗಾಣದವನು ಎಲೆಯನ್ನು ಕೈಯಲ್ಲಿ ಹಿಡಿದು ನಿಂತ. ಪ್ರಶ್ನೆಗಾರ ಮತ್ತೆ ಅಂಟಿಕೊಂಡ. “ಗಾಣ ಕಿರುಗುಟ್ಟುತ್ತಿತ್ತು, ಕಿವಿಗೆ ಬೀಳಲಿಲ್ಲ ಅಂತ ಬರಿ.”

“ಆವತ್ತು ಎತ್ತು ಬಿಚ್ಚಿದ್ದೆ” ಅಂದ ಗಾಣದವನು ಮೆಲ್ಲಗೆ. “ಗಾಣ ನಿಂತಿತ್ತು.”

“ಶ್! ಹಾಗಿದ್ದರೆ ಬರೆಯಲೇಬೇಡ. ಎಲೆಯನ್ನು ಸುಮ್ಮನೆ ಎಮ್ಮೆಯ ಕಡೆ ಹಿಡಿ. ತಿಂದುಬಿಡುತ್ತೆ. ತಿಂದ ಎಲೆಗೆ ಬಡಿಸುವ ಹಾಗಿಲ್ಲ. ಅವಳು ಮತ್ತೆ ಬರೆಯುವಷ್ಟರಲ್ಲಿ ಹೊತ್ತು ಮುಳುಗುತ್ತೆ, ನಾಳೆ ನಾನು ಇಪ್ಪತ್ತು ಎಲೆ ಮುಂದೆ ಹಾಕಿರುತ್ತೇನೆ.”

ಗಾಣದವನು ಎಮ್ಮೆಯ ಕಡೆ ನೋಡಿದ. ಹಾಲಿನವಳು ಕೂತಲ್ಲಿಂದ ಅವನನ್ನು ನೋಡಿದಳು, ಬಾಯಲ್ಲಿ ಕಲ್ಲು, ಬೇಡ ಅನ್ನುವುದಕ್ಕೂ ಆಗದು. ಅವನ ಕೈ ನಿಧಾನಕ್ಕೆ ಚಾಚಿತು. ಎಲೆ ಎಮ್ಮೆಯ ಮೂತಿಯ ಹತ್ತಿರ ಹೋಯಿತು. ಊರಿನ ವ್ಯಾಜ್ಯಗಳನ್ನೆಲ್ಲ ತಿಂದ ಎಮ್ಮೆ ಅದು, ಹಸಿದ ಎಮ್ಮೆ, ಪಕ್ಕೆಯ ಎಲುಬು ಕಾಣುತ್ತಿದ್ದ ಎಮ್ಮೆ. ಎಲೆಯನ್ನು ಮೂಸಿತು. ಎಲೆ ಹಿಡಿದ ಕೈಯನ್ನು ಮೂಸಿತು. ಎಳ್ಳೆಣ್ಣೆಯ ವಾಸನೆ ಅದಕ್ಕೂ ಗೊತ್ತಿತ್ತಲ್ಲ, ಆ ಮನೆಯಲ್ಲೇ ಬೆಳೆದದ್ದು. ಎಲೆಯನ್ನು ಬಿಟ್ಟು ಅವನ ಕೈಯನ್ನು ನೆಕ್ಕಿತು, ಬೆರಳ ಸಂದಿಯಿಂದ ಮಣಿಕಟ್ಟಿನ ತನಕ, ಮತ್ತೆ ಬೆರಳ ಸಂದಿಯಿಂದ.

ಗಾಣದವನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಪ್ರಶ್ನೆಗಾರ ಭುಜ ಹಿಡಿದು ಅಲ್ಲಾಡಿಸಿದ, ಅವನು ಕೊಡವಿಕೊಂಡ. ಮೊಣಕಾಲ ಮೇಲೆ ಎಲೆ ಇಟ್ಟು, ಬೆನ್ನಿಗೆ ತಿರುಗಿಸಿ, ಬಹಳ ಹೊತ್ತು ಬರೆದ. ಬರೆದು ನನ್ನ ಕೈಗೆ ಕೊಟ್ಟ. ಮುಖ ಎತ್ತಲಿಲ್ಲ.

ನಾನು ಕೂಗಿ ಓದಿದೆ. ‘ಬಿತ್ತು. ಅವಳು ಹೇಳಿದ್ದು ಪೂರ್ತಿ ಬಿತ್ತು. ಎಮ್ಮೆ ನೀನು ಹೊಡಕೊಂಡು ಹೋಗು, ಈ ಮನೆಯಲ್ಲಿ ನನ್ನ ಮಾತು ಕೇಳಿದ್ದು ಇದೊಂದೇ ಅಂದಳು.’

ಕೊನೆಯ ಪದಗಳಿಗೆ ಬರುವಷ್ಟರಲ್ಲಿ ನನ್ನ ಕೂಗು ಕೂಗಾಗಿ ಉಳಿದಿರಲಿಲ್ಲ. ಹಾಲಿನವಳು ಬಾಯಿಯ ಕಲ್ಲನ್ನು ಅಂಗೈಗೆ ಉಗುಳಿದಳು. “ಅದನ್ನ ನಾನು ಯಾರಿಗೂ ಹೇಳಿರಲಿಲ್ಲ” ಅಂದಳು. “ಅವನಿಗೆ ನೋವಾದೀತು ಅಂತ ಅಷ್ಟು ಮಾತು ಬಿಟ್ಟೇ ಹೇಳಿದ್ದೆ.” ಗಾಣದವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಪ್ರಶ್ನೆಗಾರನೊಬ್ಬ ಮಾತ್ರ ಸೋಲು ಒಪ್ಪಲಿಲ್ಲ. ಸರಸರನೆ ಎಲೆ ಬರೆದು ನ್ಯಾಯದಯ್ಯನ ಕಣ್ಣಿಗೆ ಹಿಡಿದ: ‘ಬಿತ್ತು ಎಂಬುದಕ್ಕೆ ಬೀಜ ಬಿತ್ತು ಎಂಬ ಅರ್ಥವೂ ಉಂಟು. ಸದರಿ ಉತ್ತರ ಬೇಸಾಯಕ್ಕೆ ಸಂಬಂಧಿಸಿದ್ದೋ?’ ಜನ ಅವನನ್ನು ಎತ್ತಿ ಗಡಿಗೆಗಳ ಹಿಂದೆ ಕೂರಿಸಿದರು. ಅಲ್ಲಿನ ವಾಸನೆಗೆ ಅವನು ಮತ್ತೆ ಬಾಯಿ ತೆರೆಯಲಿಲ್ಲ.

ಈಗ ಎಲ್ಲರ ಕಣ್ಣೂ ನ್ಯಾಯದಯ್ಯನ ಮೇಲೆ. ಗಾಣದವನ ಎಲೆಯನ್ನು ಅವನು ಓದಿದ. ಹಿಂದೆ ತಿರುಗಿಸಿ ಓದಿದ. ಮುಂದೆ ತಿರುಗಿಸಿ ಓದಿದ. ಮುಂದಿನ ಎಲೆಗೆ ಕೈ ಚಾಚಿದ, ಮುಂದಿನ ಎಲೆ ಇರಲಿಲ್ಲ. ಒಪ್ಪಿದ ಮಾತಿನ ಮೇಲೆ ಎಲೆ ಹಾಕುವ ಹಾಗಿಲ್ಲ ಅಂತ ಕಟ್ಟಳೆ, ಆದರೆ ಯಾರಾದರೂ ಏನನ್ನಾದರೂ ಒಪ್ಪಿದ್ದನ್ನು ಆ ಪೀಠ ಯಾವತ್ತೂ ಕಂಡಿರಲಿಲ್ಲ. ನ್ಯಾಯದಯ್ಯನ ಹಣೆಯಲ್ಲಿ ಬೆವರೊಡೆಯಿತು. ಪೇಟ ಸರಿಮಾಡಿಕೊಂಡ, ನನ್ನ ಕಡೆ ತಿರುಗಿದ, ಗಾಬರಿಯಲ್ಲಿ ಅವನ ಬಾಯಿಂದ ಬಂದೇಬಿಟ್ಟಿತು:

“ಈಗೇನಪ್ಪಾ ಮಾಡೋದು, ನಿನಗೇನಾದ್ರೂ ಗೊತ್ತಾ?”

ಬಾಯಿ ಆ ಅಂತ ತೆರೆದೇ ನಿಂತಿತು.

ಆಳು ಪಾಪ ಏನು ಮಾಡಿಯಾನು, ಅವನಿಗೆ ಕಲಿಸಿದ್ದು ಅಷ್ಟೇ. ತಟ್ಟೆಯಲ್ಲಿ ಬೆಣಚುಕಲ್ಲು ತಂದು ಹಿಡಿದ. ನ್ಯಾಯದಯ್ಯ ಕಲ್ಲನ್ನು ನೋಡಿದ, ಜನರನ್ನು ನೋಡಿದ, ಎತ್ತಿ ಬಾಯಿಗೆ ಹಾಕಿಕೊಂಡ. ಹೋಗಲಿ, ಆ ವಿಷಯದಲ್ಲಿ ಅವನು ನಿಯತ್ತಿನವನು. ಪೀಠ ಇಳಿದು ಕಟ್ಟೆಯ ಕೆಳಗೆ ಹೋಗಿ ಕೂತ. ಕೊನೆಗೂ ಒಂದು ದಾವೆ ನ್ಯಾಯ ಹೇಳುವ ತನಕ ಬಂತು, ಹೇಳಬೇಕಾದ ಬಾಯಲ್ಲಿ ಕಲ್ಲು! ನನಗೆ ನಗು ಬಂತು, ಸಿಟ್ಟೂ ಬಂತು. ಊರೆಲ್ಲ ಹೊತ್ತು ಮುಳುಗುವುದನ್ನು ಕಾಯುತ್ತ ನಿಂತಿತು.

ಹಾಲಿನವಳು ಕಾಯಲಿಲ್ಲ. ಗೂಟದಿಂದ ಹಗ್ಗ ಬಿಚ್ಚಿದಳು, ಎಮ್ಮೆಯ ಬೆನ್ನು ತಟ್ಟಿ “ನಡಿ ನನ್ನವ್ವ” ಅಂದಳು. ಯಾರೂ ತಡೆಯಲಿಲ್ಲ. ಎಮ್ಮೆ ನಡೆಯಲಿಲ್ಲ, ಓಡಿತು. ಅವಳು ಹಗ್ಗ ಹಿಡಿದು ಅದರ ಹಿಂದೆ ಓಡಿದಳು, ನಾನು ಅವಳ ಹಿಂದೆ, ನನ್ನ ಹಿಂದೆ ಬಹಳ ದೂರದಲ್ಲಿ ಗಾಣದವನು.

ಕೊಟ್ಟಿಗೆಯಲ್ಲಿ ಕರು ಮಲಗಿತ್ತು. ಕತ್ತು ನೆಲಕ್ಕೆ ಬಿದ್ದಿತ್ತು. ನೊಣ ಕೂತರೂ ಕಿವಿ ಆಡಿಸುತ್ತಿರಲಿಲ್ಲ. ಎಮ್ಮೆ ಅದರ ಮೈಯೆಲ್ಲ ನೆಕ್ಕಿತು, ಮೂತಿಯಿಂದ ನೂಕಿತು. ಕರು ಒಂದು ಕಣ್ಣು ತೆರೆಯಿತು, ಏಳಲು ನೋಡಿತು, ಮುಂಗಾಲು ಮಡಚಿ ಬಿತ್ತು. ಹಾಲಿನವಳು ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಲು ನೋಡಿದಳು, ಆಗಲಿಲ್ಲ. ಎಷ್ಟೋ ದಿನದಿಂದ ಅವಳೂ ಗಂಜಿಯ ತಿಳಿಯಲ್ಲೇ ಇದ್ದವಳು. “ಯಾರಾದ್ರೂ ಹಿಡೀರಪ್ಪ!” ಅಂತ ಅತ್ತಳು. ನಾನು ಎಮ್ಮೆಯನ್ನು ದಾಟಿ ಹೋಗುವ ಮುಂಚೆ ಬಾಗಿಲಲ್ಲಿ ಎಣ್ಣೆಯ ವಾಸನೆ ಬಂತು.

ಗಾಣದವನು ಒಳಗೆ ಬಂದು, ಬಾಗಿ, ಕರುವನ್ನು ಎರಡೂ ತೋಳಲ್ಲಿ ಎತ್ತಿ ಕೆಚ್ಚಲಿನ ಹತ್ತಿರ ಹಿಡಿದ. ಹಾಲಿನವಳು ಮೊಲೆಯನ್ನು ಹಿಂಡಿ ಅದರ ತುಟಿಗೆ ಹಾಲು ಬಿಟ್ಟಳು. ಹಾಲು ತುಟಿಯಿಂದ ಸುರಿದು ನೆಲಕ್ಕೆ ಹೋಯಿತು. ಮತ್ತೆ ಬಿಟ್ಟಳು. ಮತ್ತೆ ನೆಲಕ್ಕೆ ಹೋಯಿತು. ಆಮೇಲೆ ನಾಲಗೆ ಒಂದಿಷ್ಟು ಆಡಿತು, ಮೊಲೆ ಬಾಯೊಳಗೆ ಹೋಯಿತು, ಗಂಟಲು ಅಲ್ಲಾಡಿತು.

“ಕುಡೀತು” ಅಂದಳು ಹಾಲಿನವಳು. “ಬಿಡಬೇಡ, ಹಾಗೇ ಹಿಡಕೋ.”

ಅವನು ಹಿಡಿದುಕೊಂಡ. ತೋಳು ನೋಯುತ್ತಿರಬೇಕು, ಆದರೂ ಹಿಡಿದುಕೊಂಡೇ ಇದ್ದ. ತಲೆ ತಗ್ಗಿಸಿಕೊಂಡೇ ಮಾತಾಡಿದ. “ಎಮ್ಮೆ ನನಗೆ ಬೇಕಾಗಿರಲಿಲ್ಲ. ಅವಳು ದಿನಾ ಸಂಜೆ ಇದರ ಪಕ್ಕ ಕೂತು ಏನೋ ಹೇಳ್ತಿದ್ದಳು. ನಾನು ಗಾಣದ ಸದ್ದಲ್ಲಿರ್ತಿದ್ದೆ. ಅದೆಲ್ಲ ನಿನ್ನ ಮನೆಗೆ ಬಂದುಬಿಡ್ತಲ್ಲ ಅಂತ ತಡೆಯೋಕಾಗಲಿಲ್ಲ ನನಗೆ.” ಆಮೇಲೆ, ನಮ್ಮೂರಲ್ಲಿ ಹುಟ್ಟಿ ಬೆಳೆದ ಆ ಮನುಷ್ಯ, ಎಲೆಯಿಲ್ಲದೆ, ಬರಹವಿಲ್ಲದೆ, ನೇರ ಅವಳ ಮುಖ ನೋಡಿ ಬಾಯಿಂದಲೇ ಕೇಳಿದ: “ಅವಳು ಏನು ಹೇಳ್ತಿದ್ದಳು? ನಿನಗೆ ಗೊತ್ತಾ?”

ಹಾಲಿನವಳು ನನ್ನ ಕಡೆ ನೋಡಿದಳು. ನಾನು ಕೂಗುವವನು, ಕೂಗಬೇಕಾದದ್ದು ನನ್ನ ಕೆಲಸ. ನಾನು ಗೋಡೆ ನೋಡುತ್ತ ನಿಂತೆ.

“ನನಗೇನು ಗೊತ್ತಣ್ಣ” ಅಂದಳು ಅವಳು, ಸಮಾಧಾನದಿಂದ. “ನನಗೆ ಹೇಳಿದ್ದಲ್ಲವಲ್ಲ. ಅದನ್ನೇ ಕೇಳು.”

ಗಾಣದವನು ಕರುವನ್ನು ಇಳಿಸಲಿಲ್ಲ. ಕರು ಕುಡಿಯುತ್ತಿದ್ದ ಹಾಗೇ ಸ್ವಲ್ಪ ಬಾಗಿ, ಎಮ್ಮೆಯ ಪಕ್ಕೆಗೆ ಕಿವಿ ಆನಿಸಿ, ಕಣ್ಣು ಮುಚ್ಚಿದ.